ಪರದೆಯನ್ನು ಎಲ್ಲಿ ಕಟ್ಟಬೇಕು?

ಬಯಲು ಅಂದರೆ ಎಲ್ಲರದೂ ಎಂದು ನಂಬುವವರು ಊರಿನಲ್ಲಿ ಹುಟ್ಟಿದವರು. ಬಯಲಿಗೂ ಒಂದು ಬಾಗಿಲಿರುತ್ತದೆ ಎಂಬುದು ಕೇರಿಯಲ್ಲಿ ಹುಟ್ಟಿದವರಿಗೆ ಗೊತ್ತು. ಬಯಲಿನಲ್ಲಿ ಸಿನಿಮಾ ತೋರಿಸುವುದು ಈಗ ಮತ್ತೆ ಚಾಲ್ತಿಗೆ ಬಂದಿರುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡಬೇಕಾಗಿದೆ. ಬೆಂಗಳೂರಿನಲ್ಲಿ ಮಾಳಿಗೆಯ ಮೇಲೆ, ಹುಲ್ಲುಹಾಸಿನ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಕ್ಷತ್ರದಡಿ ಸಿನಿಮಾ ನೋಡುವುದಕ್ಕೆ ಟಿಕೆಟ್ ಮಾರುತ್ತಾರೆ. ನಮ್ಮ ಹನೂರು ಕಡೆಯ ಹುಡುಗರೂ ಪ್ರೊಜೆಕ್ಟರ್ ಹೊತ್ತು ಹಳ್ಳಿ ತಿರುಗುವ ಉಮೇದಿನಲ್ಲಿದ್ದಾರೆ. ಎರಡರ ಬೆನ್ನಿಗೂ ಟೆಂಟ್ ಸಿನಿಮಾದ ನೆನಪಿದೆ. ಆ ನೆನಪನ್ನು ದಲಿತ ವಿಮರ್ಶೆ ಇದ್ದಂತೆಯೇ ಒಪ್ಪಿಕೊಳ್ಳಬೇಕೆ ಎಂಬುದು ನನ್ನ ಪ್ರಶ್ನೆ.

ಟೆಂಟನ್ನು ನಾನು ನೋಡಿದವಳಲ್ಲ, ಕೇಳಿದವಳು. ವೆಂಕಟೇಶನ ಹಾಡು ಹಾಕಿದರೆ ಟಿಕೆಟ್ ಶುರುವಾಯಿತೆಂದು ಅರ್ಥ. ಇದ್ದದ್ದು ಒಂದೇ ಪ್ರೊಜೆಕ್ಟರ್, ರೀಲು ಬದಲಿಸುವಾಗೆಲ್ಲ ಇಂಟರ್‌ವಲ್ಲು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ತಮಿಳರು ಜಾತಿಭೇದವಿಲ್ಲದೆ ಒಂದೇ ಸೂರಿನಡಿ ಕೂತು ನೋಡಿದ ಮೊದಲ ಪ್ರದರ್ಶನದ ಜಾಗ ಸಿನಿಮಾ ಮಂದಿರ, ಅಲ್ಲಿ ಜಾಗ ನಿರ್ಧಾರವಾದದ್ದು ಕೊಳ್ಳುವ ಶಕ್ತಿಯಿಂದ ಎಂದು ವಿದ್ವಾಂಸ ಕಾರ್ತಿಗೇಸು ಶಿವತ್ತಂಬಿ 1981ರಲ್ಲೇ ಬರೆದಿದ್ದರು. 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಸೀಮೆಗೆ ಈ ಮಾತು ದೂರದ್ದಲ್ಲ. ದೇವಸ್ಥಾನ ಕೊಡದ್ದನ್ನು ಟೆಂಟು ಕೆಲವೇ ಕಾಸಿಗೆ ಕೊಟ್ಟಿತು. ಆದರೆ ನೆಲದಲ್ಲಿ ಕೂತವರು ಯಾರು, ಕುರ್ಚಿಯಲ್ಲಿ ಕೂತವರು ಯಾರು? ಬಹುಪಾಲು ದಿನ ಜಾತಿಯ ಲೆಕ್ಕವೂ ಜೇಬಿನ ಲೆಕ್ಕವೂ ಒಂದೇ ಆಗಿರುತ್ತಿತ್ತು. ಆದರೂ ಕೂಲಿ ಕೈಗೆ ಬಂದ ದಿನ ಬೆಂಚಿನ ಮೇಲೆ ಹೋಗಿ ಕೂರಬಹುದಿತ್ತಲ್ಲ, ಆ ಒಂದು ದಿನದ ಬಗ್ಗೆ ನಮ್ಮ ಹಿರಿಯರು ಈಗಲೂ ಹೆಮ್ಮೆಯಿಂದ ಮಾತಾಡುತ್ತಾರೆ.

ಪುಕ್ಕಟೆ ಸಿನಿಮಾದಲ್ಲಿ ಆ ಒಂದು ದಿನವೂ ಇರಲಿಲ್ಲ. ಸರ್ಕಾರದ ಪ್ರಚಾರ ವ್ಯಾನು ಬಂದಾಗ ಪರದೆ ಕಟ್ಟುತ್ತಿದ್ದದ್ದು ರಸ್ತೆಯೂ ಕರೆಂಟೂ ಇರುವ ಕಡೆ, ಅಂದರೆ ಗುಡಿಯ ಮುಂದೆ. 'ಎಲ್ಲರೂ ಬನ್ನಿ' ಎಂದು ಮೈಕಿನಲ್ಲಿ ಕೂಗುತ್ತಿದ್ದರಂತೆ. ನಮ್ಮಜ್ಜಿ ನೋಡಿದ್ದು ಪರದೆಯ ಹಿಂಬದಿಯಿಂದ. 'ಆ ಸಿಲ್ಮಾದೊಳಗ ಎಲ್ರೂ ಎಡಗೈಲೇ ಉಣ್ತಿದ್ರು ಕನ ಮಗ' ಎಂದು ಆಕೆ ನಗುತ್ತಿದ್ದಳು. ಕನ್ನಡ ಸಿನಿಮಾ ವಿಮರ್ಶೆ ಪರದೆಯ ಮುಂದೆ ಕೂತವರ ಅಭಿರುಚಿಯ ಬಗ್ಗೆ ಸಾಕಷ್ಟು ಬರೆದಿದೆ. ಹಿಂದೆ ಕೂತವರು ಕಂಡ ಸಿನಿಮಾ ಯಾವುದು ಎಂದು ಅದು ಕೇಳಿದ್ದು ಕಡಿಮೆ.

ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಕಟ್ಟಿ, ಎಂಬತ್ತರ ದಶಕದಲ್ಲಿ 'ಜನಸ್ಪಂದನ'ದ ಮೂಲಕ ಜಗತ್ತಿನ ದೊಡ್ಡ ಚಿತ್ರಗಳನ್ನು ಹಳ್ಳಿಗಳಿಗೆ ಒಯ್ದದ್ದು ಸಣ್ಣ ಕೆಲಸವಲ್ಲ. ಒಳ್ಳೆಯ ಸಿನಿಮಾ ಓದಿದವರ ಸೊತ್ತು ಎಂಬ ಅಹಂಕಾರವನ್ನು ಅದು ಮುರಿಯಿತು. ಆದರೆ ಅದನ್ನು ಕೊಂಡಾಡಿದ ನಮ್ಮ ವಿಮರ್ಶೆ 'ಹಳ್ಳಿಗ' ಎಂಬ ಒಬ್ಬನೇ ಮನುಷ್ಯನನ್ನು ಕಂಡಿತು. ಹಳ್ಳಿಯಲ್ಲಿ ಊರೂ ಇದೆ, ಕೇರಿಯೂ ಇದೆ. ಅಲ್ಲಿಗೆ ಹೋದ ಸಿನಿಮಾ ಎರಡರಲ್ಲಿ ಯಾವುದಕ್ಕೆ ಹೋಯಿತು?

ಈ ಪ್ರಶ್ನೆಗೆ ಒಂದು ಉತ್ತರ ಮುಂಬಯಿಯಲ್ಲಿದೆ. 1997ರ ಜುಲೈ 11ರಂದು ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ 10 ಮಂದಿ ಬಲಿಯಾದರು. ಅದನ್ನು ಎದುರಿಗಿಟ್ಟುಕೊಂಡು ಆನಂದ್ ಪಟವರ್ಧನ್ 14 ವರ್ಷ ಚಿತ್ರೀಕರಿಸಿ 'ಜೈ ಭೀಮ್ ಕಾಮ್ರೇಡ್' ಮಾಡಿದರು. 2012ರ ಜನವರಿಯಲ್ಲಿ ಅದನ್ನು ಅಲ್ಲಿ ಮೊದಲು ತೋರಿಸಿದ್ದು ಬೈಕುಲ್ಲಾದ ಬಿಐಟಿ ಚಾಳಿನಲ್ಲಿ, ಆಮೇಲೆ ಬಸ್ತಿ ಬಸ್ತಿಗಳಲ್ಲಿ. ಯಾರ ಕತೆಯೋ ಅವರ ಅಂಗಳದಲ್ಲೇ ಮೊದಲು ನೋಡಬೇಕು ಎಂಬುದು ಸೌಜನ್ಯದ ಮಾತಲ್ಲ, ಚಿತ್ರದ ರಾಜಕಾರಣವೇ ಅದು. 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಬಂದಾಗ ನಮ್ಮ ಕೇರಿಗಳವರು ಬೀದಿಬೀದಿಗೆ ಫ್ಲೆಕ್ಸ್ ಕಟ್ಟಿದ್ದೂ ಇದೇ ತರದ್ದು. ಮನೆಯೊಳಗಿನ ಟೀವಿಯನ್ನು ಅವರು ಬೀದಿಯ ಮಾತಾಗಿಸಿದರು.

ಕಳೆದ ಏಪ್ರಿಲ್‌ನಲ್ಲಿ ನಾವು ಕೆಲವರು ಹನೂರು ಬದಿಯ ಒಂದು ಹಳ್ಳಿಯಲ್ಲಿ 'ಚೋಮನ ದುಡಿ' ತೋರಿಸಿದೆವು. ಇಸ್ಕೂಲು ಬಯಲಾದರೆ ಎಲ್ಲರೂ ಬರುತ್ತಾರೆ ಎಂದವರಿದ್ದರು. ಯಜಮಾನರು ಒಪ್ಪಲಿಲ್ಲ. ಕೇರಿಯ ಚಾವಡಿಯ ಗೋಡೆಗೆ ಎರಡು ಬಿಳಿಪಂಚೆ ಹೊಲಿದು ಕಟ್ಟಿದೆವು. ಊರಿನ ಹುಡುಗರು ಏಳೆಂಟು ಮಂದಿ ಬಂದರು. ಬೈಕಿನಿಂದ ಇಳಿಯದೆ ಅರ್ಧ ಚಿತ್ರ ನೋಡಿದರು, ಇಬ್ಬರು ಮಾತ್ರ ಕೊನೆಗೆ ಚಾಪೆಯ ಅಂಚಿಗೆ ಬಂದು ಕೂತರು.

ಬಿ.ವಿ. ಕಾರಂತರ ಈ ಚಿತ್ರಕ್ಕೆ 1975ರ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕ್ಲಾಸಿನಲ್ಲಿ ನಾವು ಅದನ್ನು ಮಾನವೀಯ ದುರಂತವೆಂದು ಪಾಠ ಮಾಡುತ್ತೇವೆ. ಚೋಮನ ಕಿರಿಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನ ಮಗ ಎಂದು ಯಾರೂ ಇಳಿಯುವುದಿಲ್ಲ. ಅಲ್ಲಿ ಚಿತ್ರ ನಿಲ್ಲಿಸಿದೆವು. ಒಬ್ಬ ಮುದುಕಿ ಕೇಳಿದಳು: 'ಆ ಮಗೀನ ಎತ್ಕಳಕ ಒಬ್ರೂ ನೀರ್ಗ ಇಳೀನಿಲ್ವಲ್ಲವ್ವ. ಅಲ್ಲಿ ನಿಂತ್ಕಂಡು ಪಟ ಹಿಡೀತಿದ್ರಲ್ಲ, ಅವ್ರೂ ಇಳೀನಿಲ್ವ?'

ಇದನ್ನು ಮುಗ್ಧತೆ ಎಂದು ನಕ್ಕು ಬಿಡಬಾರದು. ದಡದ ಮೇಲೆ ನಿಂತು ಮರುಗುವ ಕ್ಯಾಮರಾದ ಬಗ್ಗೆ ನಾನು ಓದಿದ ಯಾವ ಲೇಖನವೂ ಇಷ್ಟು ನೇರವಾಗಿ ಕೇಳಿಲ್ಲ. ನಮ್ಮ ನವ್ಯ ಸಿನಿಮಾದ ಕರುಣೆ ದೊಡ್ಡದೇ, ಆದರೆ ಅದರ ಕಾಲು ಒದ್ದೆಯಾಗಿಲ್ಲ. ಇಸ್ಕೂಲಿನ ಬಯಲಿನಲ್ಲಿ, ಗೌಡರ ಕುರ್ಚಿಗಳ ಹಿಂದೆ ಕೂತಿದ್ದರೆ ಆಕೆ ಈ ಮಾತು ಆಡುತ್ತಿದ್ದಳೆ? ಜಾಗ ಬದಲಾದರೆ ವಿಮರ್ಶೆಯೇ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಪುರಾವೆ ಬೇಡ.

ಹಾಗೆಂದು ಕೇರಿ ಅಂದಕೂಡಲೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಆ ರಾತ್ರಿ ಮುಂದಿನ ಚಾಪೆ ಗಂಡಸರದೇ ಆಗಿತ್ತು, ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಪಕ್ಕದ ಮಾದಿಗರ ಬೀದಿಯಿಂದ ಬಂದವರು ಬೆರಳೆಣಿಕೆ. ನಮ್ಮ ನಮ್ಮ ನಡುವೆಯೇ ಕಟ್ಟಿಕೊಂಡ ಈ ಪರದೆಗಳನ್ನು ಬಿಚ್ಚದೆ ಊರಿಗೆ ಬುದ್ಧಿ ಹೇಳುವುದು ಸುಳ್ಳಾಗುತ್ತದೆ.

ಮಾದರಿಗೆ ನಾವು ದೂರ ಹೋಗಬೇಕಾಗಿಲ್ಲ. ಮಂಟೇಸ್ವಾಮಿಯನ್ನು ಕೊಳಕನೆಂದು ಕಲ್ಯಾಣದ ಬಾಗಿಲಲ್ಲೇ ತಡೆದ ಕತೆಯನ್ನು ನೀಲಗಾರರು ಇಂದಿಗೂ ರಾತ್ರಿಯಿಡೀ ಹಾಡುತ್ತಾರೆ. ಅವರು ನಡುವೆ ನಿಲ್ಲಿಸುತ್ತಾರೆ, ಕೇಳುವವರು ಮಾತು ಸೇರಿಸುತ್ತಾರೆ, ಮತ್ತೆ ಹಾಡು ಮುಂದುವರಿಯುತ್ತದೆ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ಬಯಲಿನಲ್ಲಿ ಹಲವು ಜಾತಿಯವರು ಬಿಡಾರ ಹೂಡಿ, ಬಾಡೂಟ ಮಾಡಿ, ಪಂಕ್ತಿಸೇವೆಯಲ್ಲಿ ಕೂತು ಉಣ್ಣುತ್ತಾರೆ. ಬಯಲು ತಾನಾಗಿಯೇ ಎಲ್ಲರದೂ ಆಗಲಿಲ್ಲ, ಅಲ್ಲಿ ಜೊತೆಗೆ ಉಂಡು ಉಂಡು ಅದನ್ನು ಎಲ್ಲರದೂ ಮಾಡಿಕೊಂಡರು.

ಆದ್ದರಿಂದ ಪ್ರೊಜೆಕ್ಟರ್ ಹೊತ್ತು ಹೊರಟ ಗೆಳೆಯರಿಗೆ ನನ್ನ ಮಾತು ಇಷ್ಟೇ. ಪರದೆಯನ್ನು ಕೇರಿಯಲ್ಲೇ ಕಟ್ಟಿ, ಒಂದು ಸಲ ಒಂದು ಕೇರಿಯಲ್ಲಾದರೆ ಇನ್ನೊಂದು ಸಲ ಇನ್ನೊಂದರಲ್ಲಿ. ಮುಂದಿನ ಚಾಪೆ ಹೆಂಗಸರಿಗೆ ಬಿಡಿ. ಭಾಷಣ ಬೇಡ, ಚಿತ್ರದ ನಡುವೆ ನಿಲ್ಲಿಸಿ ಮಾತಾಡಲು ಬಿಡಿ. ಊರಿನವರು ಬರಲಿ, ಬಾರದಿದ್ದರೆ ಕಾಯೋಣ. ಇಷ್ಟು ಕಾಲ ನಾವು ನಡೆದು ಹೋಗಿ ಹಿಂದೆ ನಿಂತು ನೋಡಿದ್ದೇವೆ, ಇನ್ನು ಅವರು ನಡೆದು ಬಂದು ನಮ್ಮ ಚಾಪೆಯ ಮೇಲೆ ಕೂರಲಿ.