ಚಿತ್ರಕ್ಕೊಂದು ಕವನ

ಚಿತ್ರವೊಂದನ್ನು ಮುಂದಿಟ್ಟು 'ಇದಕ್ಕೊಂದು ಕವನ ಬರೆಯಿರಿ' ಎಂದು ಕೇಳುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ವಾರಪತ್ರಿಕೆಯ ಪುಟಗಳಲ್ಲಿ, ಶಾಲೆಯ ವಾರ್ಷಿಕ ಸ್ಪರ್ಧೆಗಳಲ್ಲಿ, ಮಹಿಳಾ ಮಂಡಲಗಳ ಕೂಟಗಳಲ್ಲಿ ಅದು ನಡೆದುಕೊಂಡೇ ಬಂದಿದೆ. ಕವನವಾದರೆ ಎಂಟು ಹತ್ತು ಸಾಲು, ಗದ್ಯವಾದರೆ ಅರ್ಧ ಪುಟ. ಮಕ್ಕಳು ಶಾಲೆಗೆ, ಗಂಡ ಕೆಲಸಕ್ಕೆ ಹೋದ ಮೇಲೆ ಕುಕ್ಕರಿನ ಎರಡು ಕೂಗಿನ ನಡುವೆ ಸಿಗುವ ಬಿಡುವಿಗೆ ಹೇಳಿ ಮಾಡಿಸಿದ ಬರವಣಿಗೆ ಇದು. ಹಿರಿಯ ವಿಮರ್ಶಕರು ಇದನ್ನು ಸಾಹಿತ್ಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಅವರು ತೆಗೆದುಕೊಳ್ಳದಿದ್ದರೆ ಬಿಡಲಿ. ಬರೆಯುವ ನಾವಾದರೂ ಇದನ್ನು ಗಂಭೀರವಾಗಿ ಕಾಣಬೇಡವೇ?

ನಂತೂರಿನ ನಮ್ಮ ಬೀದಿಯಲ್ಲಿ ನಾವು ಏಳೆಂಟು ಮಂದಿ ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಉಡುಪಿಯಿಂದ ಪಂಪ್‌ವೆಲ್ ಕಡೆಗೆ ಸಾಗುವ ಹೆದ್ದಾರಿಗೆ ಮೂಡುಬಿದಿರೆಯ ರಸ್ತೆ ಬಂದು ಕೂಡುವ ಜಾಗ ನಮ್ಮದು. ಕಿಟಕಿ ಮುಚ್ಚದಿದ್ದರೆ ಲಾರಿಗಳ ಸದ್ದಿನಲ್ಲಿ ಕವನ ಕೇಳಿಸುವುದೇ ಇಲ್ಲ. ಮನೆಯೊಡತಿ ಒಂದು ಚಿತ್ರ ಇಡುತ್ತಾಳೆ, ಉಳಿದವರು ಬರೆಯುತ್ತಾರೆ, ಓದುತ್ತಾರೆ, ಆಮೇಲೆ ಚಹಾ. ಅಲ್ಲಿ ಕೇಳಿದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ: ಚಿತ್ರದಲ್ಲಿ ಕಂಡದ್ದನ್ನೇ ನಾವು ಮತ್ತೊಮ್ಮೆ ಹೇಳುತ್ತೇವೆ. ಸೂರ್ಯಾಸ್ತದ ಚಿತ್ರವಿದ್ದರೆ ಕವನದಲ್ಲಿ ಸೂರ್ಯ ಮುಳುಗುತ್ತಾನೆ. ಮಗುವಿದ್ದರೆ ಮುಗ್ಧ ನಗೆ. ಮುದುಕಿಯಿದ್ದರೆ ಸುಕ್ಕುಗಳಲ್ಲಿ ಅನುಭವದ ಗೆರೆಗಳು. ಕಣ್ಣು ಈಗಾಗಲೇ ಮಾಡಿದ ಕೆಲಸವನ್ನು ಮಾತಿಗೆ ಇನ್ನೊಮ್ಮೆ ಹೊರಿಸುವುದು ಏಕೆ?

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯಿಲ್ಲದ ಕಾವ್ಯಕ್ಕೆ 'ಚಿತ್ರ' ಎಂದು ಹೆಸರಿಟ್ಟ. ಅದು ನಿಜವಾದ ಕಾವ್ಯವಲ್ಲ, ಕಾವ್ಯದ ಅನುಕರಣೆ ಎಂಬುದು ಅವನ ತೀರ್ಪು. ಅವನ ಮನಸ್ಸಿನಲ್ಲಿದ್ದದ್ದು ಶಬ್ದ ಮತ್ತು ಅಲಂಕಾರಗಳ ಚಮತ್ಕಾರ; ನಮ್ಮ ಚಿತ್ರಕವನಗಳು ಅವನ ಕಣ್ಣ ಮುಂದೆ ಇರಲಿಲ್ಲ. ಆದರೂ ಆ ಮಾತು ನಮಗೂ ಸಲ್ಲುತ್ತದೆ. ಎದುರಿಗಿರುವುದರ ಆಚೆಗೆ ಏನನ್ನೂ ಸೂಚಿಸದ ಬರವಣಿಗೆ ಬರಿಯ ಬಣ್ಣದ ಬೊಂಬೆ.

ಹಾಗಾದರೆ ಚಿತ್ರ ನೋಡಿ ಬರೆಯುವುದೇ ತಪ್ಪೇ? ಖಂಡಿತ ಅಲ್ಲ. ನಮ್ಮ ಭಾಷೆಯಲ್ಲೇ ಅದಕ್ಕೆ ಹಳೆಯ, ಘನವಾದ ಮಾದರಿಗಳಿವೆ. ಸುಮಾರು 1180ರಲ್ಲಿ ಬೊಪ್ಪಣ ಪಂಡಿತನು ಶ್ರವಣಬೆಳಗೊಳದ ಗೊಮ್ಮಟನನ್ನು ಕುರಿತು ರಚಿಸಿದ ಕನ್ನಡ ಪದ್ಯಗಳು ಅಲ್ಲಿನ ಶಿಲಾಶಾಸನದಲ್ಲಿ ಇಂದಿಗೂ ಇವೆ. ಐವತ್ತೆಂಟು ಅಡಿಯ ಮೂರ್ತಿಯ ಎದುರು ನಿಂತವನು 'ಅಬ್ಬಾ, ಎಷ್ಟು ಎತ್ತರ' ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಬೊಪ್ಪಣ ಹಾಗೆ ಮಾಡಲಿಲ್ಲ. ಎತ್ತರವಾದ ವಿಗ್ರಹದಲ್ಲಿ ಚೆಲುವು ಕೂಡಿಬರುವುದು ಕಷ್ಟ. ಎತ್ತರವೂ ಚೆಲುವೂ ಇದ್ದರೂ ಮಹಿಮೆ ಇರಲೇಬೇಕೆಂದಿಲ್ಲ. ಇಲ್ಲಿ ಮೂರೂ ಕೂಡಿವೆ ಎಂದು ತೂಗಿ ಹೇಳಿದ. ಕಂಡದ್ದನ್ನು ಅವನು ಒಂದು ವಿಚಾರವಾಗಿ ಮಾಡಿದ. ಶಿಲೆ ತಾನಾಗಿ ಹೇಳಲಾರದ ಮಾತು ಅದು.

ಇನ್ನೊಂದು ಮಾದರಿ ನಮ್ಮ ಅಮ್ಮಂದಿರಿಗೆ ಹಾಡಿನ ಮೂಲಕ ಪರಿಚಯವಾದದ್ದು: ಡಿ.ವಿ. ಗುಂಡಪ್ಪನವರ 'ಅಂತಃಪುರ ಗೀತೆ'. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ ಡಿ.ವಿ.ಜಿ. ಬರೆದ ಹಾಡುಗಳು ಇವು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಗಿಣಿಯೊಡನೆ ಮಾತಾಡುತ್ತಾಳೆ, ಒಬ್ಬಳು ನರ್ತಿಸುತ್ತಾಳೆ. ಕಲ್ಲಿನಲ್ಲಿ ಇರುವುದು ಇಷ್ಟೇ. ಕವಿ ಏನು ಮಾಡಿದರು? ಶಿಲ್ಪದ ಚೌಕಟ್ಟಿನಲ್ಲಿ ಇಲ್ಲದ ಒಬ್ಬನನ್ನು, ಗರ್ಭಗುಡಿಯ ಒಳಗಿರುವ ಕೇಶವನನ್ನು, ಪ್ರತಿ ಹಾಡಿನ ಹಿಂದೆ ನಿಲ್ಲಿಸಿದರು. ಹೊರಗೋಡೆಯ ಮೇಲಿನ ಹೆಣ್ಣುಗಳು ಒಳಗಿನವನಿಗಾಗಿ ಸಿಂಗರಿಸಿಕೊಳ್ಳುತ್ತಾರೆ, ಮುನಿಯುತ್ತಾರೆ, ಕುಣಿಯುತ್ತಾರೆ ಎಂದು ಬಗೆದ ಕೂಡಲೇ ಬಿಡಿ ಬಿಡಿ ಬೊಂಬೆಗಳೆಲ್ಲ ಒಂದು ಮನೆಯವರಾದರು. 'ಅಂತಃಪುರ' ಎಂಬ ಹೆಸರಿನ ಬಲ ಅಲ್ಲಿದೆ. ರಾಗಗಳು ಸೇರಿ, ಮೂಕ ಶಿಲೆಗೆ ಇಲ್ಲದ ಧ್ವನಿಯೂ ಬಂತು.

ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಆ ಹಾಡುಗಳಲ್ಲಿ ಮದನಿಕೆಯರ ಆಸೆಗಳೆಲ್ಲ ಕೊನೆಗೆ ಒಬ್ಬ ಪುರುಷನ ಕಡೆಗೇ, ಅವನು ದೇವರೇ ಇರಲಿ, ಹರಿಯುತ್ತವೆ. ಕನ್ನಡಿಯವಳು ತನಗಾಗಿಯೇ ಕನ್ನಡಿ ನೋಡಿಕೊಂಡಿರಬಾರದೇ? ಒಂಬೈನೂರು ವರ್ಷ ಎತ್ತಿದ ಕೈ ಎತ್ತಿಯೇ ನಿಂತ ನರ್ತಕಿಗೆ ತೋಳು ಸೋತಿರದೇ? ಇದು ಕವಿಯ ಮೇಲಿನ ದೂರಲ್ಲ. ಅವರು ತಮ್ಮ ಭಕ್ತಿಯ ಕಣ್ಣಿನಿಂದ ಕಂಡರು, ಕಂಡದ್ದನ್ನು ಪೂರ್ತಿಯಾಗಿ ಕಂಡರು. ಉಳಿದ ಪ್ರಶ್ನೆ ಕೇಳುವ ಸರದಿ ನಮ್ಮದು, ಅಷ್ಟೆ. ಅಲ್ಲಿನ ಕೆಲವು ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದವರ ಹೆಸರಿದೆ. ಎದುರು ನಿಂತು ಭಂಗಿ ತೋರಿದ ಹೆಣ್ಣು ಒಬ್ಬಳಿದ್ದರೆ ಅವಳ ಹೆಸರೇನು? ಕವನ ಅಲ್ಲಿಂದಲೂ ಹುಟ್ಟಬಹುದು.

ಪರದೇಶದ ಒಂದು ಉದಾಹರಣೆಯನ್ನೂ ನೋಡೋಣ. ಬ್ರೂಗೆಲ್‌ನದೆಂದು ಹೇಳುವ ಹಳೆಯ ಚಿತ್ರವೊಂದು ಬ್ರಸೆಲ್ಸ್‌ನಲ್ಲಿದೆ. ರೆಕ್ಕೆ ಕಟ್ಟಿಕೊಂಡು ಹಾರಿದ ಇಕಾರಸ್ ಎಂಬ ಹುಡುಗ ಅದರ ಮೂಲೆಯಲ್ಲಿ ಕಡಲಿಗೆ ಬಿದ್ದಿದ್ದಾನೆ. ಕಾಣುವುದು ಕಾಲು ಮಾತ್ರ. ಚಿತ್ರದ ಮುಂಭಾಗದಲ್ಲಿ ರೈತ ನೆಲ ಉಳುತ್ತಿದ್ದಾನೆ. ಇಂಗ್ಲಿಷ್ ಕವಿ ಆಡೆನ್ 1938ರಲ್ಲಿ ಆ ಸಂಗ್ರಹಾಲಯವನ್ನು ನೋಡಿ ಬರೆದ ಕವನದಲ್ಲಿ ಹುಡುಗನ ಸಾವಿಗಿಂತ ಹೆಚ್ಚಾಗಿ ಕಾಡುವುದು ಅದನ್ನು ಲಕ್ಷಿಸದೆ ತಮ್ಮ ಪಾಡಿಗೆ ಸಾಗಿದ ಲೋಕ. ಎಲ್ಲರೂ ನೋಡಿದ ಚಿತ್ರದಲ್ಲಿ ಅವನು ನೋಡಿದ್ದು ಬೇರೆ.

ನಮ್ಮ ಕೂಟಕ್ಕೆ ಒಮ್ಮೆ ಬಂದದ್ದು ಒಂದು ಫೋಟೋ: ಜಗಲಿಯಲ್ಲಿ ಗೆರಸೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿರುವ ಹೆಂಗಸು. ನಮ್ಮ ಜಿಲ್ಲೆಯವರಿಗೆ ಇದು ಅಪರೂಪದ ನೋಟವೇನಲ್ಲ. ಎಷ್ಟು ಮನೆಗಳ ಅಕ್ಕಿ, ಎಷ್ಟು ಮಕ್ಕಳ ಶಾಲೆಯ ಫೀಸು ಈ ಗೆರಸೆಯಿಂದ ಬಂದಿದೆ ಎಂದು ಎಲ್ಲರಿಗೂ ಗೊತ್ತು. ಇಂಥ ಚಿತ್ರಕ್ಕೆ ನಮ್ಮ ಲೇಖನಿ ತಕ್ಷಣ ಹುಡುಕುವ ಮಾತುಗಳು ಯಾವುವು? ತ್ಯಾಗಮಯಿ, ಬೆವರಿನ ಮುತ್ತು, ಮನೆಯ ದೀಪ, ಕರುಣಾಮೂರ್ತಿ. ಓದಲು ಹಿತವೇ. ಆದರೆ ಯೋಚಿಸಿ ನೋಡಿ. ದೇವಿಯೆಂದು ಕರೆದ ಮೇಲೆ ಅವಳ ಕೂಲಿಯ ಮಾತು ಎತ್ತುವುದು ಹೇಗೆ? ದೀಪವೆಂದ ಮೇಲೆ ಎಣ್ಣೆ ಯಾರು ಹಾಕುತ್ತಾರೆ ಎಂದು ಕೇಳುವವರಿಲ್ಲ. ಹೊಗಳಿಕೆಯೂ ಬಾಯಿ ಮುಚ್ಚಿಸುವ ಒಂದು ಉಪಾಯ. ನಮಗೆ ಮನೆಮನೆಗಳಲ್ಲಿ ಅದರ ಅನುಭವ ಸಾಕಷ್ಟಿದೆ. 'ನೀನಿಲ್ಲದೆ ಮನೆ ನಡೆದೀತೇ' ಎಂದವರು ಊಟದ ತಟ್ಟೆ ಎತ್ತಿಡುವುದಿಲ್ಲ. ಗಂಡಸರು ನಮಗೆ ಹಾಕುವ ಹಾರವನ್ನೇ ನಾವು ಇನ್ನೊಬ್ಬ ಹೆಂಗಸಿನ ಕೊರಳಿಗೆ ಹಾಕಿ ಬರಬೇಕೇ?

ಅದೇ ಫೋಟೋಕ್ಕೆ ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವೇ ಎಂದು ನಾನು ಪ್ರಯತ್ನಿಸಿದೆ. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ ಎಂಬ ಒಂದೇ ವಿಷಯವನ್ನು ಹಿಡಿದುಕೊಂಡೆ:

ಎಣಿಕೆ ತಪ್ಪೀತೆಂದು
ಮಗು ಕರೆದರೂ ತಲೆಯೆತ್ತಲಿಲ್ಲ;
ಒಂಬೈನೂರ ತೊಂಬತ್ತು,
ಇನ್ನು ಹತ್ತೇ ಹತ್ತು,
ಆಮೇಲೆ ಅಮ್ಮ.

ಇದು ಮಹಾಕವನವೆಂದು ನಾನು ಹೇಳುವುದಿಲ್ಲ. ಆದರೆ ಫೋಟೋದಲ್ಲಿ ಮಗುವಿರಲಿಲ್ಲ, ಎಣಿಕೆಯೂ ಇರಲಿಲ್ಲ. ಗದ್ಯಕ್ಕೆ ಇನ್ನೊಂದು ಅನುಕೂಲವಿದೆ. ಅದು ಚಿತ್ರದ ಹಿಂದಿನ, ಮುಂದಿನ ಗಳಿಗೆಗಳಿಗೆ ಹೋಗಿ ಬರಬಲ್ಲದು. ಹೀಗೆ:

'ಫೋಟೋದವರು ಬಂದಾಗ ಮಧ್ಯಾಹ್ನ. ಹಾಗೇ ಇರಿ, ನಗಬೇಡಿ ಅಕ್ಕ, ಎಂದರು. ನಾನು ನಗುತ್ತಿದ್ದದ್ದು ರೇಡಿಯೋದಲ್ಲಿ ಬಂದ ಒಂದು ಮಾತಿಗೆ. ಅವರು ಹೋದ ಮೇಲೆ ಕಿವಿಗೊಟ್ಟರೆ ಕಾರ್ಯಕ್ರಮ ಮುಗಿದಿತ್ತು.'

ನಾಲ್ಕು ವಾಕ್ಯಗಳಲ್ಲಿ ಆ ಹೆಂಗಸು ಕರುಣೆಯ ವಸ್ತುವಾಗುವುದರಿಂದ ತಪ್ಪಿಸಿಕೊಂಡಳು. ಅವಳಿಗೂ ನಗು ಬರುತ್ತದೆ, ಅದನ್ನು ತಡೆದವರು ಯಾರೆಂದು ಅವಳಿಗೆ ಗೊತ್ತು.

ಇನ್ನೊಂದು ಎಚ್ಚರಿಕೆ. ದಿನಕರ ದೇಸಾಯಿಯವರ ಚುಟುಕಗಳನ್ನೂ ಡುಂಡಿರಾಜರ ಹನಿಗವನಗಳನ್ನೂ ಓದಿ ಬೆಳೆದ ನಮಗೆ ಕೊನೆಯ ಸಾಲಿನಲ್ಲಿ ಒಂದು ಪಂಚ್ ಬೇಕೇ ಬೇಕು ಎನಿಸಿದೆ. ಅವರ ಕೈಯಲ್ಲಿ ಅದು ಹರಿತವಾದ ಅಸ್ತ್ರ. ನಾವು ಬರಿಯ ಶಬ್ದದಾಟಕ್ಕೆ ಕೈಹಾಕಿದರೆ ಚಿತ್ರ ನೆಪವಾಗಿ ಮೂಲೆಗೆ ಸರಿಯುತ್ತದೆ. ನಕ್ಕವರು ಚಿತ್ರವನ್ನು ಮತ್ತೆ ನೋಡದಿದ್ದರೆ ಆ ಹನಿ ವ್ಯರ್ಥ.

ಚಿತ್ರಕ್ಕೆ ಬಹಳ ದೂರ ಹುಡುಕಬೇಕಾಗಿಯೂ ಇಲ್ಲ. ನಂತೂರಿನಿಂದ ಅಷ್ಟೇನೂ ದೂರವಿಲ್ಲದ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನಿದ್ದಾನೆ. ಆಳುಪ ರಾಜ ಕುಂದವರ್ಮ 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಬೌದ್ಧರ ಲೋಕೇಶ್ವರ ಶಿವನ ಗುಡಿಯಲ್ಲಿ ಸಾವಿರ ವರ್ಷ ದಾಟಿ ಕುಳಿತಿದ್ದಾನೆ. ನಾವು ಕೈ ಮುಗಿದು, ಪ್ರಸಾದ ತೆಗೆದುಕೊಂಡು, ಬಸ್ಸು ತಪ್ಪೀತೆಂದು ಓಡಿ ಬರುತ್ತೇವೆ. ಒಮ್ಮೆ ನಿಧಾನವಾಗಿ ನಿಂತು, ಆ ಕಂಚನ್ನು ಕರಗಿಸಿದ ಒಲೆಯ ಮುಂದೆ ಕುಳಿತವರನ್ನು ನೆನೆದರೆ ಅರ್ಧ ಪುಟ ಬರೆಯಲು ಸಾಲದೇ?

ಬರೆದಾದ ಮೇಲೆ ಒಂದು ಸುಲಭ ಪರೀಕ್ಷೆ ಮಾಡಿ. ಚಿತ್ರವನ್ನು ಮಗುಚಿಟ್ಟು, ಅದನ್ನು ಕಾಣದ ಒಬ್ಬರಿಗೆ ಕವನವನ್ನಷ್ಟೇ ಓದಿ ಹೇಳಿ. ಬೇಲೂರಿಗೆ ಎಂದೂ ಹೋಗದವರೂ 'ಅಂತಃಪುರ ಗೀತೆ'ಯನ್ನು ಕೇಳಿ ತಲೆದೂಗುತ್ತಾರೆ. ಅದು ಪರೀಕ್ಷೆಯಲ್ಲಿ ಪಾಸಾಯಿತು. ನಿಮ್ಮ ಸಾಲುಗಳನ್ನು ಕೇಳಿದವರು 'ಎಲ್ಲಿ, ಆ ಚಿತ್ರ ತೋರಿಸಿ' ಎಂದರೆ ಸಂತೋಷಪಡಿ. ತೋರಿಸಿದ ಮೇಲೆ ಅವರು 'ಇದರಲ್ಲಿ ಇಷ್ಟೆಲ್ಲ ಇತ್ತೇ' ಎಂದು ಕೇಳಿದರೆ ನೀವು ಬರೆದದ್ದು ಕವನ.