‘ಥರ್ಟೀನ್ ಡೇಸ್’: ಒಂದು ಮೌನದ ವಿಮರ್ಶೆ

1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ನಿಮಿತ್ತ ಅಮೆರಿಕ-ಸೋವಿಯತ್ ರಾಷ್ಟ್ರಗಳು ಅಣುಯುದ್ಧದ ಅಂಚಿಗೆ ಬಂದ ವೃತ್ತಾಂತವೇ ರಾಬರ್ಟ್ ಕೆನೆಡಿಯವರ ಈ ಕೃತಿ. ಲೇಖಕರ ಮರಣಾನಂತರ, 1969ರಲ್ಲಿ, ಪ್ರಕಟವಾದ ಗ್ರಂಥದ ಶೈಲಿ ಸಂಯಮಪೂರ್ಣವಾದುದು. ಎದುರಾಳಿಯ ಸ್ಥಾನದಲ್ಲಿ ನಿಂತು ಯೋಚಿಸಬೇಕೆಂಬ ಅದರ ಬೋಧೆಯೂ ಆದರಣೀಯವೇ.

ಆದರೆ ತುರ್ಕಿಯಲ್ಲಿದ್ದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವುದು ಕೊಡುಕೊಳೆಯ ಮಾತಾಗಿರಲಿಲ್ಲವೆಂದು ಅದು ಸಾಧಿಸುತ್ತದೆ. ಮೂಲ ದಿನಚರಿಯಲ್ಲಿ ಅದು ಒಪ್ಪಂದದ ಅಂಗವೆಂದೇ ಸ್ಪಷ್ಟವಾಗಿತ್ತೆಂದೂ, ಗುಟ್ಟು ಕಾಯಲು ತಾವೇ ಅದನ್ನು ತೆಗೆದುಹಾಕಿದ್ದಾಗಿಯೂ ಗ್ರಂಥವನ್ನು ಪರಿಷ್ಕರಿಸಿದ ಸೊರೆನ್‌ಸನ್ 1989ರಲ್ಲಿ ಮಾಸ್ಕೋದಲ್ಲಿ ಒಪ್ಪಿಕೊಂಡರು. ಜಮೆಯನ್ನು ತೋರಿಸಿ ಖರ್ಚನ್ನು ಮರೆಸಿದ ಲೆಕ್ಕವಿದು. ಪರಸ್ಪರ ಬಿಟ್ಟುಕೊಟ್ಟು ಉಳಿಸಿದ ಶಾಂತಿಯು, ಬಗ್ಗದ ದಾರ್ಢ್ಯದ ವಿಜಯವೆಂದು ಬಹುಕಾಲ ಪಾಠವಾಯಿತು. ಅಣ್ವಸ್ತ್ರಯುಗದಲ್ಲಿ ಇಂಥ ತಪ್ಪು ಪಾಠ ಅಪಾಯಕರ. ಗ್ರಂಥವನ್ನು ಓದಲೇಬೇಕು, ಅದರ ಮೌನವನ್ನೂ ಕೂಡಿಸಿ ಓದಬೇಕು.