ಕೆಟ್ಟ ಸುದ್ದಿ ಮೇಲೇರಬೇಕಾದ ದಾರಿ

ಪಂಕಜ್ ಜಲೋಟೆ ಅವರ ‘ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್ ಪ್ರಾಕ್ಟೀಸ್’ 2002ರಲ್ಲಿ ಬಂದ ಪುಸ್ತಕ. ಇರುವುದು ಹನ್ನೆರಡೇ ಅಧ್ಯಾಯ. ಇನ್ಫೊಸಿಸ್ ತನ್ನ ಪ್ರಾಜೆಕ್ಟುಗಳನ್ನು ಹೇಗೆ ಯೋಜಿಸುತ್ತಿತ್ತು, ಹೇಗೆ ಅಳೆಯುತ್ತಿತ್ತು, ಹೇಗೆ ಮುಗಿಸುತ್ತಿತ್ತು ಎಂಬುದನ್ನು ನಮೂನೆ, ಪಟ್ಟಿ, ಲೆಕ್ಕಗಳ ಸಮೇತ ಬಿಚ್ಚಿಡುತ್ತದೆ. ಐಐಟಿ ಕಾನ್ಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಜಲೋಟೆ 1996ರಿಂದ 1998ರವರೆಗೆ ಇನ್ಫೊಸಿಸ್‌ನ ಗುಣಮಟ್ಟ ವಿಭಾಗದಲ್ಲಿ ಉಪಾಧ್ಯಕ್ಷರಾಗಿದ್ದರು. ಹಾಗಾಗಿ ಪಾಠ ಹೇಳುವವರ ಶಿಸ್ತು, ಕೆಲಸ ಕಂಡವರ ತಿಳಿವಳಿಕೆ ಎರಡೂ ಇದರಲ್ಲಿವೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಒಂದು ಕೆಲಸದ ಪದ್ಧತಿಯನ್ನು ಇಷ್ಟು ಖಚಿತವಾಗಿ ದಾಖಲಿಸಿದ ಬೇರೆ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟು ವರ್ಷಗಳ ನಂತರ ಅದನ್ನು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಸೇವೆ ಮಾರುವ ಪ್ರತಿ ಕಂಪನಿಯೂ ಇಂದು ‘ನಮ್ಮಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಂಸ್ಕೃತಿ ಇದೆ’ ಎನ್ನುತ್ತದೆ. ಆದರೂ ಶನಿವಾರ ರಾತ್ರಿ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ದೀಪ ಆರದ ಮಹಡಿಗಳು ಕಡಿಮೆಯಾಗಿಲ್ಲ. ಪದ್ಧತಿ ಇದ್ದೂ ಸಂಸ್ಕೃತಿ ಬೇರೂರದೆ ಹೋದದ್ದು ಎಲ್ಲಿ ಎಂಬುದಕ್ಕೆ ಈ ಪುಸ್ತಕದ ಬಲದಲ್ಲೂ ಅದು ಮಾತಾಡದೆ ಬಿಟ್ಟ ಜಾಗದಲ್ಲೂ ಉತ್ತರ ಸಿಗುತ್ತದೆ.

ಮೊದಲು ಈ ಪದ್ಧತಿಯ ಹಿನ್ನೆಲೆ. ಅಮೆರಿಕದ ರಕ್ಷಣಾ ಇಲಾಖೆಗೆ ಸಾಫ್ಟ್‌ವೇರ್ ಬರೆದುಕೊಡುವ ಗುತ್ತಿಗೆದಾರರಲ್ಲಿ ಯಾರನ್ನು ನಂಬಬಹುದು ಎಂದು ಅಳೆಯುವುದಕ್ಕೆ ಹುಟ್ಟಿದ ಮಾನದಂಡ ಸಿಎಂಎಂ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವಾಟ್ಸ್ ಹಂಫ್ರಿ ಅವರ ಚಿಂತನೆಯಿಂದ ರೂಪುಗೊಂಡ ಈ ಐದು ಹಂತಗಳ ಏಣಿಯನ್ನು ಅದು ಹುಟ್ಟಿದ ದೇಶಕ್ಕಿಂತ ಹೆಚ್ಚು ಆಸ್ಥೆಯಿಂದ ಹತ್ತಿದ್ದು ಬೆಂಗಳೂರು. ಮೊಟೊರೊಲಾದ ಬೆಂಗಳೂರು ಕೇಂದ್ರ ತೊಂಬತ್ತರ ದಶಕದ ಮೊದಲರ್ಧದಲ್ಲೇ ಐದನೇ ಹಂತ ಮುಟ್ಟಿ, ಜಗತ್ತಿನಲ್ಲಿ ಅಲ್ಲಿಗೆ ತಲುಪಿದ ಮೊದಲ ಕೆಲವರಲ್ಲಿ ಒಂದಾಯಿತು. ಇನ್ಫೊಸಿಸ್ 1999ರಲ್ಲಿ ಆ ಹಂತಕ್ಕೆ ಬಂತು.

ಆ ಆಸ್ಥೆಗೆ ಒಂದು ನಿರ್ದಿಷ್ಟ ಕಾರಣವಿತ್ತು. ಬೋಸ್ಟನ್ನಿನಲ್ಲೋ ಲಂಡನ್ನಿನಲ್ಲೋ ಕೂತ ಕ್ಲೈಂಟ್ ಈ ಕಂಪನಿಗಳನ್ನು ಕಣ್ಣಲ್ಲಿ ಕಂಡಿರಲಿಲ್ಲ. 1981ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಪುಣೆಯಲ್ಲಿ ಶುರುವಾದ ಕಂಪನಿಯ ಕೈಗೆ ಬ್ಯಾಂಕಿನ ಲೆಕ್ಕವ್ಯವಸ್ಥೆ ಒಪ್ಪಿಸಬೇಕೆಂದರೆ ಆತನಿಗೊಂದು ಭರವಸೆ ಬೇಕು. ಆ ಭರವಸೆಯನ್ನು ಕೊಟ್ಟದ್ದು ದಾಖಲೆ, ಅಂಕಿ, ಪ್ರಮಾಣಪತ್ರ. ಇದರಲ್ಲಿ ತಪ್ಪೇನಿಲ್ಲ, ಗೌರವಿಸಬೇಕಾದ ಸಾಧನೆಯೇ. ಆದರೆ ನಮ್ಮ ಪ್ರಾಜೆಕ್ಟ್ ಶಿಸ್ತು ಹೊರಗಿನವರಿಗೆ ತೋರಿಸುವ ಅಗತ್ಯದಿಂದ ಹುಟ್ಟಿತು ಎಂಬ ಸಂಗತಿ ಮುಂದೆ ಬಂದ ಅನೇಕ ಕಾಯಿಲೆಗಳ ಮೂಲದಲ್ಲಿದೆ.

ಪುಸ್ತಕದಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ನೆನಪಿನ ಬಗ್ಗೆ ಅದಕ್ಕಿರುವ ಗೌರವ. ಮುಗಿದ ಪ್ರಾಜೆಕ್ಟುಗಳ ಗಾತ್ರ, ಹಿಡಿದ ಶ್ರಮ, ಸಿಕ್ಕ ದೋಷಗಳು, ತಪ್ಪಿದ ಗಡುವು ಎಲ್ಲವೂ ಒಂದು ಭಂಡಾರಕ್ಕೆ ಸೇರುತ್ತವೆ. ಅದಕ್ಕೆ ಅಲ್ಲಿ ಪ್ರೊಸೆಸ್ ಡೇಟಾಬೇಸ್ ಎಂದು ಹೆಸರು. ಹೊಸ ಕೆಲಸಕ್ಕೆ ಎಸ್ಟಿಮೇಷನ್ ಹಾಕುವವನು ಆ ಭಂಡಾರದಲ್ಲಿ ತನ್ನದಕ್ಕೆ ಹೋಲುವ ಹಳೆಯ ಪ್ರಾಜೆಕ್ಟು ಹುಡುಕಿ ಅದರ ಅನುಭವದ ಮೇಲೆ ನಿಲ್ಲುತ್ತಾನೆ. ಅಂದಾಜು ಹಾಕುವವನಿಗೆ ಜಾಣತನಕ್ಕಿಂತ ಪೂರ್ವಜರ ಲೆಕ್ಕ ಮುಖ್ಯ ಎಂಬ ವಿನಯ ಇದರ ಹಿಂದಿದೆ. ರಿಸ್ಕ್‌ಗಳ ಅಧ್ಯಾಯವೂ ಹಾಗೆಯೇ: ಪಳಗಿದ ಜನರ ಕೊರತೆ, ಪದೇ ಪದೇ ಬದಲಾಗುವ ಬೇಡಿಕೆ, ಕೆಲಸ ಬಿಟ್ಟು ಹೋಗುವವರು, ಅಸಾಧ್ಯವಾದ ಗಡುವು, ಕೊನೆಗೆ ಕ್ಲೈಂಟ್‌ಗೂ ನಮಗೂ ನಡುವಿನ ಸಂಪರ್ಕ ಕೊಂಡಿ ಕಡಿದುಹೋಗುವುದು. ಆ ಕಾಲದ ಬೆಂಗಳೂರು ಕಂಪನಿಗಳ ದಿನಚರಿ ಈ ಪಟ್ಟಿಯಲ್ಲಿ ಜೀವಂತವಾಗಿದೆ. ಕೊನೆಯ ಸಾಲಿನದೊಂದು ತಾಂತ್ರಿಕವಾಗಿ ಹಳತಾಯಿತು, ಉಳಿದವು ಇಂದಿಗೂ ಹಾಗೇ ಇವೆ.

ಕಡೆಯ ಅಧ್ಯಾಯ ಪ್ರಾಜೆಕ್ಟ್ ಕ್ಲೋಷರ್ ಬಗ್ಗೆ. ಕೆಲಸ ಮುಗಿದ ಮೇಲೆ ಅಂದಾಜಿಗೂ ನಿಜಕ್ಕೂ ಎಷ್ಟು ಅಂತರ ಬಂತು, ಯಾಕೆ ಬಂತು, ಮುಂದಿನವರು ಏನು ತಿಳಿಯಬೇಕು ಎಂದು ಕೂತು ಬರೆಯುವ ವಿಧಾನ. ನನ್ನ ಮಟ್ಟಿಗೆ ಇಡೀ ಪುಸ್ತಕದ ಹೃದಯ ಇದು. ಸೇವಾ ಕಂಪನಿಯ ಆಸ್ತಿ ಜನರ ತಲೆಯಲ್ಲಿರುತ್ತದೆ. ಅವರು ಬೇರೆ ಪ್ರಾಜೆಕ್ಟಿಗೋ ಬೇರೆ ಕಂಪನಿಗೋ ಹೋದ ದಿನ ಅದೂ ಹೊರಟುಹೋಗುತ್ತದೆ. ಅದನ್ನು ಹಿಡಿದಿಡುವ ಒಂದೇ ಗಳಿಗೆ ಕೆಲಸ ಮುಗಿದು ನೆನಪಿನ್ನೂ ಹಸಿಯಾಗಿರುವ ಆ ಒಂದು ವಾರ. ಬಹುಪಾಲು ಕಂಪನಿಗಳು ಕೈಬಿಡುವುದೂ ಆ ವಾರವನ್ನೇ. ತಂಡ ಆಗಲೇ ಚದುರಿರುತ್ತದೆ. ಬಿಲ್ಲಿಂಗ್ ಇಲ್ಲದ ಒಂದು ದಿನವನ್ನೂ ಡೆಲಿವರಿ ಹೆಡ್ ಒಪ್ಪುವುದಿಲ್ಲ. ಹಳೆಯ ರಿಪೋರ್ಟಿನ ಹೆಸರು ಬದಲಿಸಿ ಫೈಲು ಮುಚ್ಚಲಾಗುತ್ತದೆ.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪ. ಪುಸ್ತಕದುದ್ದಕ್ಕೂ ನಾವು ಹಿಂಬಾಲಿಸುವ ಮಾದರಿ ಪ್ರಾಜೆಕ್ಟು ಚೆನ್ನಾಗಿ ನಡೆದು ದಡ ಸೇರಿದ್ದು. ಕೈತಪ್ಪಿದ ಪ್ರಾಜೆಕ್ಟೊಂದನ್ನು ಇಷ್ಟೇ ವಿವರವಾಗಿ ಹಿಂಬಾಲಿಸುವ ಅಧ್ಯಾಯ ಇಲ್ಲ. ಪದ್ಧತಿಯ ಪರೀಕ್ಷೆ ನಡೆಯುವುದು ಎಲ್ಲ ಸರಿಯಿದ್ದಾಗಲ್ಲ. ಮೂರನೇ ತಿಂಗಳಲ್ಲಿ ಕೆಲಸ ಹಿಂದೆ ಬಿದ್ದಿದೆ ಎಂದು ತಂಡದ ಒಬ್ಬಳಿಗೆ ಗೊತ್ತಾದಾಗ, ಅವಳು ಅದನ್ನು ಯಾರಿಗೆ ಹೇಳುತ್ತಾಳೆ, ಹೇಳಿದ ಮೇಲೆ ಅವಳಿಗೇನಾಗುತ್ತದೆ ಎಂಬಲ್ಲಿ. ಸಂಸ್ಕೃತಿ ಎಂಬುದು ಅಷ್ಟೇ ಜಾಗದಲ್ಲಿದೆ. ಪುಸ್ತಕ ಅಲ್ಲಿಗೆ ಕಾಲಿಡುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ಭಂಡಾರದ ಎಲ್ಲ ಅಂಕಿಗಳೂ ಕೆಲಸ ಮಾಡುವವರು ತುಂಬಿದ ಟೈಮ್‌ಶೀಟಿನಿಂದ ಬರಬೇಕು. ಅದೇ ಸುಳ್ಳಾದರೆ? ಒಂದು ಕೆಲಸಕ್ಕೆ 400 ಆಳು-ದಿನ ಅಂದಾಜಾಗಿದೆ ಎಂದಿಟ್ಟುಕೊಳ್ಳಿ. ರಾತ್ರಿ, ಶನಿವಾರ, ಹಬ್ಬದ ದಿನ ಸೇರಿ ನಿಜಕ್ಕೂ ಹಿಡಿದದ್ದು 520. ಆದರೆ ದಿನಕ್ಕೆ ಎಂಟೂವರೆ ಗಂಟೆಗಿಂತ ಹೆಚ್ಚು ತುಂಬಿದರೆ ಮ್ಯಾನೇಜರ್ ಮುಖ ಸಿಂಡರಿಸುತ್ತಾನೆ, ಫೈನಾನ್ಸ್‌ನವರು ಪ್ರಶ್ನೆ ಕೇಳುತ್ತಾರೆ, ಓವರ್‌ಟೈಮ್ ಹಣವಂತೂ ಇಲ್ಲ. ಹಾಗಾಗಿ ಕಾಗದದಲ್ಲಿ 415 ಎಂದು ದಾಖಲಾಗುತ್ತದೆ. ಮುಂದಿನ ಬಿಡ್ ಆ 415ರ ಮೇಲೆ ನಿಲ್ಲುತ್ತದೆ. ಸೇಲ್ಸ್‌ನವರು ಕ್ಲೈಂಟ್ ಒತ್ತಾಯಕ್ಕೆ ಅದರಲ್ಲೂ ಹತ್ತು ಪರ್ಸೆಂಟ್ ಇಳಿಸುತ್ತಾರೆ. ಮೊದಲ ತಂಡ ಕಳೆದುಕೊಂಡ ನಿದ್ದೆ ಎರಡನೇ ತಂಡದ ಬೆನ್ನಿಗೆ ಸಾಲವಾಗಿ ಏರುತ್ತದೆ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ಲೆಕ್ಕ ಮಾತ್ರ ಕೆಟ್ಟಿದೆ. ಐದನೇ ಹಂತದ ಪ್ರಮಾಣಪತ್ರವಿದ್ದರೂ ಈ ಕಲಬೆರಕೆ ಹೊರಗೆ ಕಾಣುವುದಿಲ್ಲ, ಯಾಕೆಂದರೆ ಫಾರ್ಮುಗಳೆಲ್ಲ ತುಂಬಿವೆ, ಸಹಿಗಳೆಲ್ಲ ಬಿದ್ದಿವೆ.

ಅಳತೆ ಮತ್ತು ಶಿಕ್ಷೆ ಒಂದೇ ಕೈಯಲ್ಲಿದ್ದರೆ ಅಳತೆ ಕೆಡುತ್ತದೆ ಎಂಬ ಅರಿವು ಈ ವೃತ್ತಿಗೆ ಹೊಸದಲ್ಲ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ಪರಿಶೀಲನೆಯ ವಿಧಾನ ಮಂಡಿಸಿದಾಗಲೇ, ಅದರಲ್ಲಿ ಸಿಕ್ಕ ದೋಷಗಳ ಎಣಿಕೆಯನ್ನು ಬರೆದವನ ಆಪ್ರೈಸಲ್‌ಗೆ ಬಳಸಕೂಡದೆಂಬುದು ಅದರ ಜೊತೆಗೇ ಬಂದಿತ್ತು. ನಮ್ಮಲ್ಲಿ ಪರಿಶೀಲನೆ ಬಂತು, ಆ ವಿವೇಕ ಬಾಗಿಲಲ್ಲೇ ನಿಂತಿತು.

ವಾರದ ಸ್ಟೇಟಸ್ ರಿಪೋರ್ಟ್ ನೋಡಿದರೆ ಇದು ಇನ್ನೂ ಸ್ಪಷ್ಟ. ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಪ್ರಾಜೆಕ್ಟಿನ ಆರೋಗ್ಯ ತೋರಿಸುವ ಪದ್ಧತಿ ಈಗ ಎಲ್ಲ ಕಡೆ ಇದೆ. ಮೇಲೆ ಹಸಿರು, ಕುಯ್ದರೆ ಕೆಂಪು ಎಂಬ ಅರ್ಥದಲ್ಲಿ ಇಂಥ ರಿಪೋರ್ಟುಗಳನ್ನು ಈ ಉದ್ಯಮದವರೇ ಕಲ್ಲಂಗಡಿ ಎನ್ನುತ್ತಾರೆ. ಟೀಮ್ ಲೀಡ್‌ಗೆ ಕೆಂಪು ಕಾಣುತ್ತದೆ. ಆತ ಪ್ರಾಜೆಕ್ಟ್ ಮ್ಯಾನೇಜರ್‌ಗೆ ‘ಸ್ವಲ್ಪ ಟೈಟ್ ಇದೆ ಸರ್’ ಎನ್ನುತ್ತಾನೆ. ಮ್ಯಾನೇಜರ್ ‘ಮ್ಯಾನೇಜ್ ಮಾಡ್ತಿದೀವಿ’ ಎಂದು ಹಳದಿ ಹಾಕುತ್ತಾನೆ. ಡೆಲಿವರಿ ಹೆಡ್ ತಿಂಗಳ ರಿವ್ಯೂಗೆ ಹೋಗುವ ಹೊತ್ತಿಗೆ ಅದು ಹಸಿರಾಗಿರುತ್ತದೆ. ಪ್ರತಿಯೊಬ್ಬನೂ ಒಂದೇ ಒಂದು ಮಾತು ಮೆದುಗೊಳಿಸಿದ್ದಾನೆ. ಹಿರಿಯರ ಮುಂದೆ ಆಗದು ಎನ್ನಲು ಹಿಂಜರಿಯುವ ನಮ್ಮ ಮನೆ, ಶಾಲೆಗಳ ಅಭ್ಯಾಸ ಇಲ್ಲಿ ಕಂಪನಿಯ ಆಪ್ರೈಸಲ್ ಜೊತೆ ಕೈ ಜೋಡಿಸುತ್ತದೆ. ಕೆಂಪು ಹಾಕಿದವನಿಗೆ ಸಿಗುವುದು ದಿನಕ್ಕೆರಡು ರಿವ್ಯೂ ಕಾಲ್. ಇನ್ನಿಬ್ಬರು ಅನುಭವಿಗಳ ನೆರವಲ್ಲ. ಮುಂದಿನ ಸಲ ಆತ ಯಾವ ಬಣ್ಣ ಆರಿಸುತ್ತಾನೆ ಎಂದು ಹೇಳಬೇಕಿಲ್ಲ.

ಗುತ್ತಿಗೆಯ ಬಗೆಯೂ ಇದರಲ್ಲಿ ಪಾಲುದಾರ. ಫಿಕ್ಸೆಡ್ ಪ್ರೈಸ್ ಆದರೆ ಹೆಚ್ಚಿನ ಗಂಟೆಗಳ ನಷ್ಟ ಮೊದಲು ನೌಕರರ ರಾತ್ರಿಗಳಿಂದ ತುಂಬುತ್ತದೆ, ಹಾಗಾಗಿ ಕಂಪನಿಗೆ ನೋವು ತಡವಾಗಿ ತಿಳಿಯುತ್ತದೆ. ಗಂಟೆ ಲೆಕ್ಕದ ಗುತ್ತಿಗೆಯಾದರೆ ಜನ ಹೆಚ್ಚಿದಷ್ಟೂ ಬಿಲ್ ಹೆಚ್ಚು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ತುಂಬಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ, ಐಬಿಎಂನ ಓಎಸ್/360 ಕಟ್ಟಿದ ಅನುಭವದಿಂದ ಎಚ್ಚರಿಸಿದ್ದರು. ಪ್ರತಿ ಮ್ಯಾನೇಜರ್‌ಗೂ ಈ ಮಾತು ಗೊತ್ತು. ಆದರೆ ಪ್ರಾಜೆಕ್ಟಿಲ್ಲದೆ ಬೆಂಚಿನಲ್ಲಿ ಹತ್ತು ಜನ ಕೂತಿದ್ದಾರೆ, ಯುಟಿಲೈಸೇಷನ್ ಇಳಿದಿದೆ, ಕ್ಲೈಂಟ್ ಕೂಡ ‘ಇನ್ನಷ್ಟು ಜನ ಹಾಕಿ’ ಎನ್ನುತ್ತಿದ್ದಾನೆ. ಬ್ರೂಕ್ಸ್ ಅವರ ಎಚ್ಚರಿಕೆಗೆ ಆಗ ಯಾರ ಬೆಂಬಲವೂ ಇಲ್ಲ.

2001ರ ಫೆಬ್ರುವರಿಯಲ್ಲಿ ಯೂಟಾದಲ್ಲಿ ಹದಿನೇಳು ಜನ ಸೇರಿ ಸಾರಿದ ‘ಅಜೈಲ್’ ಎಂಬ ಹಗುರ ಕೆಲಸದ ವಿಧಾನ ದಾಖಲೆ, ಅಳತೆಗಳ ಈ ಭಾರವನ್ನು ಇಳಿಸಬೇಕಿತ್ತು. ಕೆಲವು ತಂಡಗಳಲ್ಲಿ ಇಳಿಸಿದೆ ಕೂಡ. ಆದರೆ ಬಹಳ ಕಡೆ ಬೆಳಗಿನ ಸ್ಟ್ಯಾಂಡ್-ಅಪ್ ಹಾಜರಿ ಕರೆಯುವ ಕ್ರಮವಾಯಿತು, ತಂಡ ತನ್ನ ತಿಳಿವಳಿಕೆಗಾಗಿ ಇಟ್ಟುಕೊಳ್ಳಬೇಕಿದ್ದ ವೆಲಾಸಿಟಿ ಎಂಬ ಅಂಕಿ ಮ್ಯಾನೇಜರ್‌ನ ಟಾರ್ಗೆಟ್ ಆಯಿತು. ವಿಧಾನ ಬದಲಾಯಿತು, ಭಯ ಬದಲಾಗಲಿಲ್ಲ.

ಆದಾಯ ತೆರಿಗೆಯ ಪೋರ್ಟಲ್ ನೆನಪಿಸಿಕೊಳ್ಳೋಣ. 2019ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 4,242 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಕಟ್ಟುವ ಹೊಣೆ ಇನ್ಫೊಸಿಸ್‌ಗೆ ಬಂತು. ರಿಟರ್ನ್ ಪರಿಶೀಲಿಸುವ ಅವಧಿಯನ್ನು 63 ದಿನಗಳಿಂದ ಒಂದೇ ದಿನಕ್ಕೆ ಇಳಿಸುವುದು ಗುರಿ. 2021ರ ಜೂನ್ 7ರಂದು ಪೋರ್ಟಲ್ ತೆರೆದಾಗಿನಿಂದಲೇ ದೂರುಗಳು ಶುರುವಾದವು. ಆಗಸ್ಟ್ 23ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಕರೆಸಿಕೊಂಡು ಸೆಪ್ಟೆಂಬರ್ 15ರ ಗಡುವು ಕೊಟ್ಟರು. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಡಿಸೆಂಬರ್ 31ಕ್ಕೆ ಹೋಯಿತು. ಆ ದಿನದ ಹೊತ್ತಿಗೆ ಅದೇ ಪೋರ್ಟಲಿನಲ್ಲಿ 5.89 ಕೋಟಿ ರಿಟರ್ನ್‌ಗಳು ಸಲ್ಲಿಕೆಯಾಗಿದ್ದವು. ಇದನ್ನೂ ಹೇಳುವುದು ನ್ಯಾಯ. ಬಹಳ ಅಭ್ಯಾಸವುಳ್ಳ ಕಂಪನಿ, ಬಹಳಷ್ಟು ದಾಖಲೆಗಳುಳ್ಳ ಪದ್ಧತಿ. ಆದರೂ ಸಿದ್ಧವಾಗದ ಕೆಲಸ ಸಾರ್ವಜನಿಕರ ಮುಂದೆ ತೆರೆದುಕೊಂಡಿತು. ಇಂಥ ಯೋಜನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗೋ-ಲೈವ್ ದಿನಕ್ಕೆ ಮೊದಲು ‘ಇನ್ನೂ ಆಗಿಲ್ಲ, ಮುಂದೂಡಿ’ ಎನ್ನುವ ಅಧಿಕಾರ ಯಾರಿಗಿದೆ? ಕಟ್ಟುವವರ ಕಡೆ ಒಬ್ಬರಿಗೆ, ಕಟ್ಟಿಸಿಕೊಳ್ಳುವವರ ಕಡೆ ಒಬ್ಬರಿಗೆ ಆ ಅಧಿಕಾರ ಲಿಖಿತವಾಗಿ ಇಲ್ಲದಿದ್ದರೆ, ಕ್ಯಾಲೆಂಡರ್ ನೋಡಿ ಬಾಗಿಲು ತೆರೆಯುವುದಷ್ಟೇ ಉಳಿಯುತ್ತದೆ.

ಸಾಫ್ಟ್‌ವೇರ್ ಆಚೆಗಿನ ಆಡಿಟ್ ಕಚೇರಿ, ಆರ್ಕಿಟೆಕ್ಟ್ ಕಚೇರಿಗಳಲ್ಲೂ ಚಿತ್ರ ಬೇರೆಯಲ್ಲ. ಎಲ್ಲ ಕಡೆ ಚೆನ್ನಾಗಿ ಕೆಲಸ ಮಾಡುವವರನ್ನು ಪ್ರಮೋಷನ್ ಎಂದು ಮ್ಯಾನೇಜರ್ ಮಾಡಲಾಗುತ್ತದೆ. ಪ್ರಾಜೆಕ್ಟ್ ನಡೆಸುವುದು ಬೇರೆಯದೇ ವಿದ್ಯೆ, ಅದನ್ನು ಹಿರಿಯರೊಬ್ಬರ ಪಕ್ಕದಲ್ಲಿದ್ದು ಕಲಿಯಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಪಿಎಂಪಿ ಪರೀಕ್ಷೆ ಪಾಸಾದರೆ ಪರಿಭಾಷೆ ಬರುತ್ತದೆ. ಕ್ಲೈಂಟ್ ಎದುರು ಕೂತು ‘ಇದು ಹೊಸ ಸ್ಕೋಪ್, ಇದಕ್ಕೆ ಬೇರೆ ದಿನ ಬೇಕು’ ಎಂದು ಹೇಳುವ ಧೈರ್ಯಕ್ಕೆ ಮಾತ್ರ ಬೆನ್ನ ಹಿಂದೆ ಕಂಪನಿ ನಿಲ್ಲಬೇಕು.

ಜಲೋಟೆಯವರ ಪುಸ್ತಕ ಹಳತಾಗಿಲ್ಲ. ಅದರ ಅಳತೆಯ ವಿದ್ಯೆ ಗಟ್ಟಿ, ಅಳೆಯುವವರ ಭಯದ ಬಗ್ಗೆ ಅದಕ್ಕೆ ತಿಳಿವಳಿಕೆ ಕಡಿಮೆ. ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲಿ ಇಪ್ಪತ್ತು ಮೂವತ್ತು ಜನರ ಸೇವಾ ಕಂಪನಿ ಕಟ್ಟುತ್ತಿರುವವರು ಇದನ್ನು ಕೊನೆಯ ಅಧ್ಯಾಯದಿಂದ ಶುರುಮಾಡಿ ಓದಬೇಕೆಂದು ನನ್ನ ಬಿನ್ನಹ. ದೊಡ್ಡ ಕಂಪನಿಗಳಿಗೆ ಈಗ ಬದಲಿಸಲು ಕಷ್ಟವಾದದ್ದು ಅವರಿಗಿನ್ನೂ ಸುಲಭ. ಮುಂದಿನ ಬಿಡ್ ಕಳಿಸುವ ಮೊದಲು ಹಿಂದಿನ ಮೂರು ಕೆಲಸಗಳಿಗೆ ನಿಜಕ್ಕೂ ಎಷ್ಟು ಗಂಟೆ ಹಿಡಿಯಿತು ಎಂದು ದುಡಿದವರನ್ನೇ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ, ಅದಕ್ಕಾಗಿ ಯಾರನ್ನೂ ಗದರಬೇಡಿ.